ಲ್ಯಾಬ್ರಡಾರ್‌ನ ಸವೆದ ಸೊಂಟಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಬೇಕೆ?

ಪ್ರಶ್ನೆ: ನಮ್ಮ ಗಂಡು ಲ್ಯಾಬ್ರಡಾರ್‌ಗೆ 8 ವರ್ಷ, ತೂಕ 42 ಕೆ.ಜಿ. ಒಂದು ವರ್ಷದಿಂದ ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯುತ್ತಾನೆ, ಮೆಟ್ಟಿಲು ಹತ್ತಲು ಹಿಂಜರಿಯುತ್ತಾನೆ. ಎಕ್ಸ್‌ರೇಯಲ್ಲಿ ಸೊಂಟದ ಎರಡೂ ಕೀಲುಗಳು ಸವೆದಿರುವುದು ಕಂಡಿದೆ. ಪಿ.ಆರ್.ಪಿ. ಅಥವಾ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿದರೆ ಕೀಲು ಮತ್ತೆ ಬೆಳೆಯುತ್ತದೆ ಎಂದು ಪರಿಚಿತರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೀಲು ಮತ್ತೆ ಬೆಳೆಯುತ್ತದೆ ಎಂಬ ಮಾತನ್ನು ಮೊದಲು ಬದಿಗಿಡಿ. ನಾಯಿಯ ಕೊಬ್ಬಿನಿಂದಲೋ ಅಸ್ಥಿಮಜ್ಜೆಯಿಂದಲೋ ಪಡೆದು ಕೀಲಿನೊಳಗೆ ಬಿಡುವ ಸ್ಟೆಮ್ ಸೆಲ್‌ಗಳು, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳು, ಬಹುಪಾಲು ಅಲ್ಲಿ ನೆಲೆಯೂರುವುದಿಲ್ಲ. ಅವು ಇದ್ದಷ್ಟು ದಿನ ಸ್ರವಿಸುವ ವಸ್ತುಗಳು ಕೀಲಿನ ಉರಿಯೂತವನ್ನು ತಗ್ಗಿಸುತ್ತವೆ, ಅದರಿಂದ ನೋವು ಇಳಿಯುತ್ತದೆ ಎಂಬುದು ಈಗಿನ ತಿಳಿವಳಿಕೆ. ಪಿ.ಆರ್.ಪಿ. (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಇನ್ನೂ ಸರಳ: ನಾಯಿಯದೇ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಭಾಗವನ್ನು ಬೇರ್ಪಡಿಸಿ ಕೀಲಿಗೆ ಚುಚ್ಚುತ್ತಾರೆ. ರಕ್ತವನ್ನು ಹೆಪ್ಪುಗಟ್ಟಿಸುವ ಈ ಕಣಗಳೇ ಗಾಯ ಮಾಯಲು ಬೇಕಾದ ಬೆಳವಣಿಗೆಯ ಅಂಶಗಳನ್ನೂ ಹೊತ್ತಿರುತ್ತವೆ. ಎರಡರಲ್ಲೂ ಕೆಲವು ನಾಯಿಗಳು ಕೆಲವು ತಿಂಗಳ ಮಟ್ಟಿಗೆ ಸರಾಗವಾಗಿ ನಡೆದಾಡುತ್ತವೆ, ಕೆಲವಕ್ಕೆ ಏನೂ ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಕಂಡ ಸವೆತ ಮಾತ್ರ ಹಾಗೆಯೇ ಉಳಿಯುತ್ತದೆ.

ಇಂಜೆಕ್ಷನ್‌ಗೆ ಮುನ್ನ ರಕ್ತಪರೀಕ್ಷೆ ಮಾಡಿಸಿ. ನಮ್ಮ ಕಡೆ ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ನಾಯಿಯ ಮೈಗೆ ಕಚ್ಚಿಕೊಳ್ಳುವ ಉಣ್ಣಿ ಹುಳುವಿನಿಂದ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು ನಾಯಿಯ ಪ್ಲೇಟ್‌ಲೆಟ್‌ಗಳನ್ನು ತೀರಾ ಇಳಿಸಿಬಿಡುತ್ತದೆ, ಕೆಲವೊಮ್ಮೆ ತಾನೇ ಹಲವು ಕೀಲುಗಳ ಊತಕ್ಕೂ ಕಾರಣವಾಗುತ್ತದೆ. ಅಂಥ ನಾಯಿಯ ರಕ್ತದಿಂದ ಪಿ.ಆರ್.ಪಿ. ತಯಾರಿಸುವುದೆಂದರೆ ಬತ್ತಿದ ಬಾವಿಗೆ ಕೊಡ ಇಳಿಸಿದಂತೆ. ಆ ನಾಯಿಗೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್. ಕೀಲಿನಲ್ಲಿ ಸೋಂಕು ಅಥವಾ ಎಲ್ಲಿಯಾದರೂ ಕ್ಯಾನ್ಸರ್ ಗಡ್ಡೆಯ ಅನುಮಾನವಿದ್ದರೂ ಈ ಚಿಕಿತ್ಸೆಗಳು ಸಲ್ಲವು. ಪಿ.ಆರ್.ಪಿ.ಗೆ ಕೆಲವು ದಿನ ಮೊದಲು ನೋವಿನ ಮಾತ್ರೆ ನಿಲ್ಲಿಸಲು ವೈದ್ಯರು ಹೇಳುವುದುಂಟು. ಆಗ ನಾಯಿ ನರಳುವುದನ್ನು ನೋಡಲಾರದೆ ಮನೆಯಲ್ಲಿರುವ ಐಬುಪ್ರೊಫೇನ್ ಅಥವಾ ಡೈಕ್ಲೋಫೆನಾಕ್ ತಿನ್ನಿಸಬೇಡಿ. ಅವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ.

ಇನ್ನು ನೀವು ಕೇಳದ ವಿಷಯ. ಗಂಡು ಲ್ಯಾಬ್ರಡಾರ್‌ನ ಸಾಮಾನ್ಯ ತೂಕ 29ರಿಂದ 36 ಕೆ.ಜಿ.; ನಿಮ್ಮವನು ಆ ಸವೆದ ಕೀಲುಗಳ ಮೇಲೆ ಕನಿಷ್ಠ ಆರು ಕೆ.ಜಿ. ಹೆಚ್ಚುವರಿ ಹೊರೆ ಹೊತ್ತು ತಿರುಗುತ್ತಿದ್ದಾನೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಗಳಿದ್ದಾಗಿನಿಂದ ಸಾಯುವವರೆಗೆ ಗಮನಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ತಮ್ಮೊಡನೆ ಜೋಡಿ ಮಾಡಿದ್ದ ನಾಯಿಗಿಂತ ಶೇ 25ರಷ್ಟು ಕಡಿಮೆ ಆಹಾರ ತಿಂದ ನಾಯಿಗಳಿಗೆ ಕೀಲುಸವೆತ ತಡವಾಗಿ ಬಂತು, ಮಧ್ಯಮ ಆಯುಷ್ಯವೂ (ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) ಸುಮಾರು 1.8 ವರ್ಷ ಹೆಚ್ಚಿತು. ಮೊಸರನ್ನದ ಎರಡನೇ ಬಟ್ಟಲು, ಚಹಾ ಹೊತ್ತಿನ ಬಿಸ್ಕತ್ತು, ಮಕ್ಕಳು ತಟ್ಟೆಯಿಂದ ಜಾರಿಸುವ ಚಪಾತಿ, ಇವುಗಳಿಂದ ಶುರು ಮಾಡಿ. ನುಣ್ಣನೆಯ ಟೈಲ್ಸ್ ನೆಲಕ್ಕೆ ಚಾಪೆ ಹಾಸಿ, ದಿನವೂ ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಸಿ. ತೂಕ ಇಳಿದು, ವೈದ್ಯರು ಬರೆದುಕೊಟ್ಟ ನಾಯಿಗಳ ಔಷಧಿಯೂ ಸಾಲದೆ ಹೋದರೆ ಆಗ ಪಿ.ಆರ್.ಪಿ. ಯೋಚಿಸಬಹುದು. ಕೊಬ್ಬು ಅಥವಾ ಮಜ್ಜೆ ತೆಗೆಯಲು ಅರಿವಳಿಕೆ ಬೇಕಾದ್ದರಿಂದ ಸ್ಟೆಮ್ ಸೆಲ್ ಅನ್ನು ನಾನು ಅದಕ್ಕೂ ನಂತರ ಇಡುತ್ತೇನೆ.

ಪ್ರಶ್ನೆ: ನಾಲ್ಕು ವರ್ಷದ ರಾಟ್‌ವೀಲರ್‌ನ ಮಂಡಿಯ ಲಿಗಮೆಂಟ್ ಪೂರ್ತಿ ಹರಿದಿದೆ. ಆಪರೇಷನ್ ಬದಲು ಪಿ.ಆರ್.ಪಿ. ಸಾಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸಾಲದು. ಲಿಗಮೆಂಟ್ ತುಂಡಾದಾಗ ಹೆಜ್ಜೆ ಊರಿದಾಗಲೆಲ್ಲ ಕೆಳಗಿನ ಮೂಳೆ ಮುಂದಕ್ಕೆ ಜಾರುತ್ತದೆ, ಆ ಜಾರಾಟವನ್ನು ಯಾವ ಇಂಜೆಕ್ಷನ್ ಕೂಡ ತಡೆಯಲಾರದು. ಈ ಗಾತ್ರದ ನಾಯಿಗೆ ಮೂಳೆಯ ಮೇಲ್ತುದಿಯನ್ನು ಕತ್ತರಿಸಿ, ಅದರ ಇಳಿಜಾರನ್ನು ತಗ್ಗಿಸಿ ಪ್ಲೇಟ್ ಕೂರಿಸುವ ಟಿ.ಪಿ.ಎಲ್.ಒ. ಶಸ್ತ್ರಚಿಕಿತ್ಸೆಯೇ ಸೂಕ್ತ. ಭಾಗಶಃ ಹರಿದಿದ್ದು ಮಂಡಿ ಇನ್ನೂ ಸ್ಥಿರವಾಗಿದ್ದರೆ ಮಾತ್ರ ಪಿ.ಆರ್.ಪಿ.ಯ ಮಾತೆತ್ತಬಹುದಿತ್ತು.