ಸಾತ್ವಿಕತೆ ಬೇಡ, ಹಲ್ಲು ತೋರಿಸಿ

ಪ್ರಿಯ ಬರಹಗಾರರೇ,

ನಿಮ್ಮ ‘ಮಡಗಾಸ್ಕರಿನ ಸಾತ್ವಿಕ ಮೊಸಳೆ’ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡುವುದಕ್ಕೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಕುಂಬಳೆ ಬಳಿಯ ಅನಂತಪುರ ದೇವಸ್ಥಾನದ ಬಬಿಯಾ ಮೊಸಳೆಯಿಂದ ಆರಂಭಿಸಿದ್ದೀರಿ. 2022ರಲ್ಲಿ ಅದು ಸತ್ತದ್ದು ನಮ್ಮ ಓದುಗರಿಗೆ ನೆನಪಿದೆ, ಆರಂಭವೇನೋ ಚೆನ್ನಾಗಿದೆ. ಆದರೆ ಅಲ್ಲಿಂದ ‘ಅದೇ ರೀತಿ’ ಎಂದು ಏಳು ಕೋಟಿ ವರ್ಷ ಹಿಂದೆ ಮಡಗಾಸ್ಕರಿನಲ್ಲಿದ್ದ, ಮೊಸಳೆ ಬಳಗದ ಪ್ರಾಣಿ ಸಿಮೋಸೂಕಸ್‌ಗೆ ಹಾರಿದಿರಿ, ಜಾರಿದ್ದು ಅಲ್ಲೇ. ಬಬಿಯಾ ನೈವೇದ್ಯವನ್ನಷ್ಟೇ ತಿನ್ನುತ್ತಿತ್ತು ಎನ್ನುವುದು ಭಕ್ತರ ನಂಬಿಕೆ. ಅದರ ಬಾಯಲ್ಲಿದ್ದದ್ದು ಮಾತ್ರ ಬೇಟೆಯನ್ನು ಕಚ್ಚಿ ಹಿಡಿಯುವ ಹಲ್ಲು. ಸಿಮೋಸೂಕಸ್ ಯಾವ ವ್ರತವನ್ನೂ ಹಿಡಿದಿರಲಿಲ್ಲ, ಅದರ ಹಲ್ಲೇ ಬೇರೆ.

ಆ ಹಲ್ಲಿಗೆ ನೀವು ಕೊಟ್ಟಿರುವುದು ಒಂದೇ ಸಾಲು: ‘ವಿಚಿತ್ರವಾದ ಹಲ್ಲುಗಳಿದ್ದವು.’ ಸ್ವಾಮಿ, ನಿಮ್ಮ ಲೇಖನ ಇರುವುದೇ ಅಲ್ಲಿ! ಎಲೆಯಂತೆ ಅಗಲವಾಗಿ, ಅಂಚಿನಲ್ಲಿ ಪುಟ್ಟ ಪುಟ್ಟ ಮೊನೆಗಳಿರುವ ಹಲ್ಲು. ಸೊಪ್ಪು ಮೇಯುತ್ತಿದ್ದ ಆಂಕೈಲೋಸಾರ್‌ ಡೈನೋಸಾರ್‌ಗಳ ಹಲ್ಲನ್ನು ಹೋಲುತ್ತದೆ. ಅದರ ಜೊತೆಗೆ ಎದುರಿನಿಂದ ಗುದ್ದಿ ಒಳಕ್ಕೆ ತಳ್ಳಿದಂಥ ಮೊಂಡು ಮೂತಿ. ಗ್ರೀಕಿನಿಂದ ಬಂದ ಹೆಸರಿಗೆ ಅರ್ಥವೇ ‘ಚಪ್ಪಟೆ ಮೂಗಿನ ಮೊಸಳೆ’. ಉದ್ದ ಸುಮಾರು ಮುಕ್ಕಾಲು ಮೀಟರು, ಮೈತುಂಬ ಮೂಳೆಬಿಲ್ಲೆಗಳ ಕವಚ, ಗಿಡ್ಡ ಬಾಲ. ನೆಲದ ಮೇಲೆ ಓಡಾಡುತ್ತಿದ್ದ ಪ್ರಾಣಿ ಇದು. ‘ನೀರಿನಲ್ಲಿ ಹೊಂಚು ಹಾಕುತ್ತಿತ್ತು’ ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಸಸ್ಯಾಹಾರಿ ಹೊಂಚು ಹಾಕುವುದು ಯಾವುದಕ್ಕೆ, ಹುಲ್ಲಿಗೆ?

‘ಇಂದಿನ ಮೊಸಳೆಗಳ ಪೂರ್ವಜ’ ಎಂಬುದೂ ತಪ್ಪು, ದಾಯಾದಿ ಎನ್ನಿ. ‘ಎಂದೂ ಮಾಂಸ ಮುಟ್ಟಿರಲಿಲ್ಲ’ ಎಂದು ಆಣೆ ಇಟ್ಟಂತೆ ಬರೆದಿದ್ದೀರಿ. ಹಲ್ಲು, ಮೂತಿ ನೋಡಿ ಸಸ್ಯಾಹಾರಿ ಎಂದು ಊಹಿಸಿದ್ದಾರೆ, ಅಷ್ಟೇ. ಆ ಊಹೆ ಹೇಗೆ ಹುಟ್ಟಿತು ಎಂದು ಬರೆದರೆ ಆಣೆಗಿಂತ ಸೊಗಸು. 2000ದಲ್ಲಿ ಇದನ್ನು ಮೊದಲು ವರ್ಣಿಸಿದವರು ಬಿಲ ತೋಡುತ್ತಿತ್ತೇನೋ ಎಂದಿದ್ದರು. 2010ರ ವಿವರವಾದ ಅಧ್ಯಯನ ಅದನ್ನು ಒಪ್ಪಲಿಲ್ಲ. ಇಂಥ ಜಗಳವನ್ನು ಬಿಟ್ಟು ‘ಪ್ರಕೃತಿಯ ಲೀಲೆ ಅಪಾರ’ ಎಂದು ಮುಗಿಸಿದ್ದೀರಲ್ಲ!

ಬಬಿಯಾ ಎರಡು ಸಾಲಿಗೆ ಇಳಿಯಲಿ, ಹಲ್ಲು ಎರಡು ಪ್ಯಾರಾಕ್ಕೆ ಏರಲಿ. ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ, ಓದುತ್ತೇನೆ. ಚಿತ್ರವನ್ನೂ ಬದಲಿಸಬೇಕು. ನೀವು ಲಗತ್ತಿಸಿರುವುದು ಘರಿಯಾಲ್‌ನದು. ಇಡೀ ಮೊಸಳೆ ಕುಲದಲ್ಲೇ ಅಷ್ಟು ಉದ್ದ, ಸಪೂರ ಮೂತಿಯದನ್ನು ಹುಡುಕಿ ತೆಗೆದಿದ್ದೀರಿ.

ನಿಮ್ಮ
ಸಂಪಾದಕ