ನದಿ ಬಯಲಲ್ಲಿ ಮನೆ ಕಟ್ಟಿದ್ದಕ್ಕೇ ನೆರೆ ಬರುತ್ತಾ, ಇಲ್ಲಾ ಮಳೆ ಜಾಸ್ತಿಯಾಗಿದ್ದಕ್ಕಾ?

ಎರಡೂ ಹೌದು. ಆದರೆ ನಾವು ಸುಮ್ನೆ ಮಳೆಯನ್ನಷ್ಟೇ ಬೈಯುತ್ತೇವೆ.

ನದಿಯ ಅಕ್ಕಪಕ್ಕ ಸಮತಟ್ಟಾದ ಬಯಲು ಇರುತ್ತದಲ್ವಾ, ಅದೂ ನದಿಯದ್ದೇ ಜಾಗ. ಉಕ್ಕಿದ ನೀರು ಅಲ್ಲಿ ಹರಡಿಕೊಂಡು, ವೇಗ ಕಳೆದುಕೊಂಡು, ನಿಧಾನವಾಗಿ ಇಂಗುತ್ತದೆ. ಅಲ್ಲಿ ಒಂದಡಿ ಅಗೆದು ನೋಡಿ, ನುಣುಪಾದ ಮೆಕ್ಕಲು ಮಣ್ಣು ಸಿಗುತ್ತದೆ. ಅದನ್ನು ತಂದು ಹಾಕಿದ್ದು ಹಳೆಯ ನೆರೆಗಳೇ. ಅಂಥ ಜಾಗಕ್ಕೆ ಮಣ್ಣು ತುಂಬಿ ಎತ್ತರಿಸಿ ಕಟ್ಟಿದರೆ ನಿಮ್ಮ ಮನೆ ಉಳಿಯಬಹುದು, ಆದರೆ ಆ ನೀರು ಪಕ್ಕದವರ ಮನೆಗೋ ಕೆಳಗಿನ ಊರಿಗೋ ನುಗ್ಗುತ್ತದೆ, ಇದು ನನಗೆ ದೊಡ್ಡ ಅನ್ಯಾಯ ಅನಿಸುತ್ತದೆ.

100 ಚದರ ಮೀಟರ್ ಚಾವಣಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು. ಮೊದಲು ಅದರಲ್ಲಿ ಎಷ್ಟೋ ಪಾಲು ಮಣ್ಣಿಗೆ ಇಳಿಯುತ್ತಿತ್ತು, ಈಗ ಕಾಂಕ್ರೀಟ್ ಮೇಲೆ ಜಾರಿ ನಿಮಿಷಗಳಲ್ಲಿ ಚರಂಡಿ ಸೇರುತ್ತದೆ. ಜೊತೆಗೆ ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ತೇವಾಂಶ ಹಿಡಿದುಕೊಳ್ಳಬಲ್ಲದು, ಹಾಗಾಗಿ ಸುರಿದರೆ ಜೋರಾಗಿಯೇ ಸುರಿಯುತ್ತದೆ.

'100 ವರ್ಷಕ್ಕೊಮ್ಮೆ ಬರುವ ನೆರೆ' ಅಂದರೆ ನೂರು ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ 1% ಸಾಧ್ಯತೆ ಅಂತ. 30 ವರ್ಷದ ಮನೆ ಸಾಲ ತೀರುವಷ್ಟರಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26% ಆಗುತ್ತದೆ. ಸೈಟು ಕೊಳ್ಳುವ ಮುಂಚೆ ಹಿಂದಿನ ನೆರೆ ಎಲ್ಲಿಯವರೆಗೆ ಬಂದಿತ್ತು ಅಂತ ಅಲ್ಲಿನ ಹಿರಿಯರನ್ನು ಕೇಳಿ, ಹಳೇ ಗೋಡೆಗಳ ಮೇಲೆ ನೀರಿನ ಕಲೆ ಇದೆಯಾ ನೋಡಿ.