ಕೂಡಂಕುಳಂ ಒಪ್ಪಂದಕ್ಕೆ ಅಷ್ಟು ಕಾಲ ಹಿಡಿದದ್ದೇಕೆ?

ಪ್ರಶ್ನೆ: ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರಕ್ಕಾಗಿ ಭಾರತ ಮತ್ತು ಸೋವಿಯತ್ ಒಕ್ಕೂಟದ ಒಪ್ಪಂದಕ್ಕೆ 1988ರಲ್ಲೇ ಸಹಿ ಬಿದ್ದಿದ್ದರೂ ಮೊದಲ ಘಟಕದಿಂದ ವಿದ್ಯುತ್ ಹರಿದದ್ದು 2013ರಲ್ಲಿ. ಎರಡು ದೇಶಗಳು ಅಷ್ಟು ವರ್ಷ ಚರ್ಚಿಸುವಂಥದ್ದು ಏನಿರುತ್ತದೆ? ಬೆಲೆಯ ಚೌಕಾಸಿಯೇ?

ಉತ್ತರ: ಬೆಲೆಯ ಮಾತೂ ಇರುತ್ತದೆ, ಆದರೆ ಹೆಚ್ಚು ತೊಡಕಿನದು ಅದಲ್ಲ. ರಿಯಾಕ್ಟರ್ ಒಮ್ಮೆ ಶುರುವಾದರೆ ನಾಲ್ಕೈದು ದಶಕ ನಡೆಯಬೇಕು. ಅಷ್ಟು ಕಾಲ ಇಂಧನ ಕೊಡುವವರು ಯಾರು, ಉರಿದ ಇಂಧನ ಯಾರ ಪಾಲು, ಅಪಘಾತವಾದರೆ ಪರಿಹಾರ ಯಾರು ತೆರಬೇಕು ಎಂಬುದೇ ಮಾತುಕತೆಯ ಬಹುಪಾಲು.

ಇದರಲ್ಲಿ ಭಾರತಕ್ಕೆ ಪಾಠ ಕಲಿಸಿದ್ದು ಮಹಾರಾಷ್ಟ್ರದ ತಾರಾಪುರ ಅಣು ಸ್ಥಾವರ. ಅಲ್ಲಿನ ಎರಡು ರಿಯಾಕ್ಟರುಗಳಿಗೆ 30 ವರ್ಷ ಇಂಧನವಾಗಿ ಸಂವರ್ಧಿತ ಯುರೇನಿಯಂ ಒದಗಿಸಲು ಅಮೆರಿಕ 1963ರಲ್ಲಿ ಒಪ್ಪಿತ್ತು. 1974ರ ಪೋಖ್ರಾನ್ ಪರೀಕ್ಷೆಯ ನಂತರ, 1978ರಲ್ಲಿ ಅದು ತನ್ನ ಕಾನೂನನ್ನೇ ಬದಲಿಸಿ, ಎಲ್ಲ ಅಣು ಘಟಕಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸದ ದೇಶಕ್ಕೆ ಇಂಧನವಿಲ್ಲ ಎಂದಿತು. ಮುಂದೆ ಫ್ರಾನ್ಸ್, ಚೀನಾ, ರಷ್ಯಾಗಳಿಂದ ಇಂಧನ ತರಬೇಕಾಯಿತು. ಅಮೆರಿಕ ಉರಿದ ಇಂಧನವನ್ನು ಮರಳಿ ಒಯ್ಯಲೂ ಇಲ್ಲ, ಅದರ ಮರುಸಂಸ್ಕರಣೆಗೆ, ಅಂದರೆ ಮತ್ತೆ ಬಳಸಬಹುದಾದ ಅಂಶವನ್ನು ಬೇರ್ಪಡಿಸುವುದಕ್ಕೆ, ಒಪ್ಪಿಗೆ ಕೊಡಲೂ ಇಲ್ಲ. ಹೀಗಾಗಿ ಅದು ತಾರಾಪುರದ ನೀರಿನ ಕೊಳಗಳಲ್ಲೇ ಉಳಿಯಿತು. ಕೊಟ್ಟ ಮಾತು ಮುರಿದರೆ ಮುಂದೇನು ಎಂಬುದನ್ನು ಒಪ್ಪಂದದಲ್ಲೇ ಬರೆದಿಡಬೇಕೆಂಬ ಭಾರತದ ಪಟ್ಟು ನನ್ನ ದೃಷ್ಟಿಯಲ್ಲಿ ಅತಿಯಾದುದೇನಲ್ಲ.

ಕೂಡಂಕುಳಂ ವಿಷಯದಲ್ಲಿ ಮಾತು ಕೊಟ್ಟ ದೇಶವೇ ಇಲ್ಲವಾಯಿತು. 1988ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಮತ್ತು ಗೋರ್ಬಚೇವ್ ಅವರ ಕಾಲದಲ್ಲಿ ಸಹಿಯಾದ ಒಪ್ಪಂದ, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ನೆನೆಗುದಿಗೆ ಬಿತ್ತು. ಅಷ್ಟರಲ್ಲಿ ಅಣು ಸಾಮಗ್ರಿ ಮಾರುವ ದೇಶಗಳ ಕೂಟವಾದ ಅಣು ಸರಬರಾಜು ರಾಷ್ಟ್ರಗಳ ಗುಂಪು, ಎಲ್ಲ ಘಟಕಗಳನ್ನೂ ತಪಾಸಣೆಗೆ ಒಪ್ಪಿಸದ ದೇಶಕ್ಕೆ ಮಾರಾಟವಿಲ್ಲವೆಂದು 1992ರಲ್ಲಿ ನಿಯಮ ಬಿಗಿಗೊಳಿಸಿತ್ತು. ಅದನ್ನು ಮುಂದಿಟ್ಟು ಅಮೆರಿಕ ಆಕ್ಷೇಪಿಸಿದಾಗ, ತನ್ನ ಒಪ್ಪಂದ ಆ ನಿಯಮಕ್ಕಿಂತ ಹಳೆಯದೆಂದು ರಷ್ಯಾ ವಾದಿಸಿತು. 1998ರ ಪೂರಕ ಒಪ್ಪಂದದಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು: ಸೋವಿಯತ್ ನಾಡಿಗೆ ಹಿಂದಿರುಗಬೇಕಿದ್ದ ಉರಿದ ಇಂಧನ ಭಾರತದಲ್ಲೇ ಉಳಿಯುವುದೆಂದು ನಿರ್ಧಾರವಾಯಿತು. ನಿರ್ಮಾಣ ಆರಂಭವಾದದ್ದು 2002ರಲ್ಲಿ. ಅಂದರೆ ನೀವು ಹೇಳುವ 25 ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕಟ್ಟಡದ ಕೆಲಸವೇ ಶುರುವಾಗಿರಲಿಲ್ಲ.

ಮೂರು ಮತ್ತು ನಾಲ್ಕನೆಯ ಘಟಕಗಳ ಹೊತ್ತಿಗೆ ತೊಡಕು ಬೇರೆಯಾಗಿತ್ತು. ಭೋಪಾಲದ ಅನಿಲ ದುರಂತದ ನೆನಪಿನಲ್ಲಿ ರೂಪುಗೊಂಡ 2010ರ ಹೊಣೆಗಾರಿಕೆ ಕಾಯ್ದೆ, ದೋಷಯುಕ್ತ ಉಪಕರಣದಿಂದ ಅಪಘಾತವಾದರೆ ಪೂರೈಕೆದಾರರಿಂದ ಹಣ ವಸೂಲು ಮಾಡುವ ಹಕ್ಕನ್ನು ಸ್ಥಾವರ ನಡೆಸುವವರಿಗೆ ಕೊಟ್ಟಿತು. ವಿದೇಶಿ ಪೂರೈಕೆದಾರರು ಹಿಂಜರಿದರು. 2015ರಲ್ಲಿ 1,500 ಕೋಟಿ ರೂಪಾಯಿಗಳ ವಿಮಾ ನಿಧಿ ಸ್ಥಾಪಿಸಿ ಆ ಭಯವನ್ನು ತಗ್ಗಿಸಲು ಯತ್ನಿಸಲಾಯಿತು.

ಇಷ್ಟೆಲ್ಲ ಮಾತುಕತೆಯಲ್ಲಿ ಪಕ್ಕದ ಇಡಿಂತಕರೈ ಊರಿನ ಮೀನುಗಾರರಿಗೆ ಜಾಗವಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. 2011ರ ಫುಕುಶಿಮಾ ದುರಂತದ ಬಳಿಕ ಅವರು ದೊಡ್ಡ ಸಂಖ್ಯೆಯಲ್ಲಿ ಪ್ರತಿಭಟನೆಗಿಳಿದರು. 2013ರ ಮೇ ತಿಂಗಳಲ್ಲಿ ಸ್ಥಾವರಕ್ಕೆ ಹಸಿರು ನಿಶಾನೆ ತೋರಿದ ಸುಪ್ರೀಂ ಕೋರ್ಟ್ 15 ನಿರ್ದೇಶನಗಳನ್ನು ನೀಡಿತು. ಉರಿದ ಇಂಧನವನ್ನು ಶಾಶ್ವತವಾಗಿ ಇಡಲು ಭೂಮಿಯ ಆಳದಲ್ಲೊಂದು ನೆಲೆಯನ್ನು ಆದಷ್ಟು ಬೇಗ ಸಿದ್ಧಪಡಿಸಬೇಕೆಂಬುದು ಅವುಗಳಲ್ಲೊಂದು.